ಫೈಬರ್‌ಗ್ಲಾಸ್ ಬೋಟ್ ಮೇಲಿನ ಗೀರು ತೆಗೆದು ಹೊಳಪು ವಾಪಸ್ ತರೋದು ಹೇಗೆ

ಬೋಟ್ ಮೈ ಮೇಲೆ ಗೀರು ಕಂಡ ತಕ್ಷಣ ಬಹಳ ಜನ ಮಾಡೋ ಮೊದಲ ಕೆಲಸ ಅಂದ್ರೆ ಕೈಗೆ ಸಿಕ್ಕಿದ ಸ್ಯಾಂಡ್ ಪೇಪರ್ ತಗೊಂಡು ಉಜ್ಜೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಫೈಬರ್‌ಗ್ಲಾಸ್ ಬೋಟಿನ ಹೊರಗಡೆ ನಮಗೆ ಕಾಣೋ ಆ ನುಣುಪಾದ ಬಣ್ಣದ ಪದರ ಇದ್ಯಲ್ಲ, ಅದು ಪೇಂಟ್ ಅಲ್ಲ, ಜೆಲ್‌ಕೋಟ್. ಪಾಲಿಯೆಸ್ಟರ್ ರೆಸಿನ್‌ಗೆ (ಹಾರ್ಡ್ನರ್ ಸೇರಿಸಿದ್ರೆ ಗಟ್ಟಿಯಾಗೋ ಅಂಟಿನಂಥ ದ್ರವ) ಬಣ್ಣ ಸೇರಿಸಿ ಅಚ್ಚಿನ ಒಳಗೆ ಮೊದಲು ಇದನ್ನ ಹಚ್ಚಿ, ಅದರ ಮೇಲೆ ಗ್ಲಾಸ್ ಮ್ಯಾಟು (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ ಕೂರಿಸಿರ್ತಾರೆ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ನೀವು ಒಂದೊಂದು ಸಲ ಉಜ್ಜಿದಾಗ್ಲೂ ಆ ಅರ್ಧ ಮಿಲಿಮೀಟರ್‌ನಲ್ಲಿ ಸ್ವಲ್ಪ ಹೋಗತ್ತೆ, ಹೋಗಿದ್ದು ತಾನಾಗಿ ವಾಪಸ್ ಬರಲ್ಲ. ಅದಕ್ಕೇ ಈ ಇಡೀ ಕೆಲಸದಲ್ಲಿ ನಾನು ಒತ್ತಿ ಹೇಳೋದು ಇದೊಂದೇ: ಮೊದಲು ಗೀರು ಎಷ್ಟು ಆಳ ಇದೆ ನೋಡ್ಕೊಳ್ಳಿ, ಆಮೇಲೆ ಅತಿ ಮೃದುವಾದ ವಿಧಾನದಿಂದ ಶುರು ಮಾಡಿ, ಅದರಲ್ಲಿ ಆಗ್ಲಿಲ್ಲ ಅಂದ್ರೆ ಮಾತ್ರ ಒಂದು ಹೆಜ್ಜೆ ಒರಟಿಗೆ ಹೋಗಿ.

ಗೀರು ಎಷ್ಟು ಆಳ ಇದೆ ಅಂತ ನೋಡೋದು

ಮೊದಲು ಆ ಜಾಗನ ಸೋಪು ನೀರಲ್ಲಿ ಚೆನ್ನಾಗಿ ತೊಳೀರಿ, ಯಾಕಂದ್ರೆ ಗೀರು ಅಂತ ಅಂದ್ಕೊಂಡಿದ್ದು ಎಷ್ಟೋ ಸಲ ಗೀರೇ ಆಗಿರಲ್ಲ. ಟ್ರೇಲರ್ ರೋಲರ್‌ದೋ ಫೆಂಡರ್‌ದೋ (ಬೋಟ್ ಕಟ್ಟೆಗೆ ತಾಗದ ಹಾಗೆ ಪಕ್ಕಕ್ಕೆ ಇಳಿಬಿಡೋ ಮೆತ್ತೆ) ಕಪ್ಪು ರಬ್ಬರ್ ಉಜ್ಜಿ ಕೂತಿರತ್ತೆ, ಇಲ್ಲಾಂದ್ರೆ ಪಕ್ಕದ ಬೋಟಿಂದೋ ಕಟ್ಟೆದೋ ಪೇಂಟ್ ಅಂಟ್ಕೊಂಡಿರತ್ತೆ. ಬೆರಳಲ್ಲಿ ಸವರಿ ನೋಡಿ, ಮೇಲೆ ಉಬ್ಬಿದ ಹಾಗಿದ್ರೆ ಅದು ಹೊರಗಿಂದ ಬಂದು ಕೂತಿರೋ ವಸ್ತು, ಬಟ್ಟೆಗೆ ಸ್ವಲ್ಪ ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ್ರೆ ಹೋಗ್ಬಿಡತ್ತೆ. ಅದಕ್ಕೆ ಸ್ಯಾಂಡ್ ಪೇಪರ್ ಹಿಡಿದ್ರೆ ಇಲ್ಲದ ಗೀರನ್ನ ನಾವೇ ಮಾಡ್ದ ಹಾಗೆ.

ತೊಳೆದ ಮೇಲೂ ಗೆರೆ ಇದ್ಯಾ, ಹಾಗಾದ್ರೆ ನೀರು ಚಿಮುಕಿಸಿ ನೋಡಿ. ಒದ್ದೆ ಆದಾಗ ಗೆರೆ ಪೂರ್ತಿ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡ್ರೆ ಅದು ಬರೀ ಮೇಲ್ಮೈ ಗೀರು, ಕಾಂಪೌಂಡ್ (ಉಜ್ಜಿ ಹೊಳಪು ತರೋ ಪೇಸ್ಟ್) ಹಾಕಿ ಉಜ್ಜಿದ್ರೆ ಸಾಕು. ಉಗುರನ್ನ ಗೀರಿಗೆ ಅಡ್ಡಲಾಗಿ ಎಳೀರಿ, ಉಗುರು ಸ್ವಲ್ಪ ತಡೆದು ದಾಟಿದ್ರೆ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್) ಬೇಕಾಗಬಹುದು, ಉಗುರು ಒಳಗೇ ಸಿಕ್ಕಾಕೊಂಡ್ರೆ ಅದು ತುಂಬಿಸಬೇಕಾದ ಗೀರು, ಎಷ್ಟು ಉಜ್ಜಿದ್ರೂ ತಳ ಸಿಗೋ ಹೊತ್ತಿಗೆ ಸುತ್ತಲಿನ ಜೆಲ್‌ಕೋಟೇ ಖಾಲಿಯಾಗಿರತ್ತೆ. ಇನ್ನು ಗೀರಿನ ಒಳಗೆ ನಾರು ನಾರಾಗಿ ಕಾಣ್ತಿದ್ರೆ, ಅಥವಾ ತಳದಲ್ಲಿ ಬೇರೆ ಬಣ್ಣದ ಗಾಜಿನಂಥ ಪದರ ಕಾಣಿಸ್ತಿದ್ರೆ, ಏಟು ಗ್ಲಾಸ್ ಮ್ಯಾಟಿನ ತನಕ ಹೋಗಿದೆ ಅಂತ ಅರ್ಥ. ಅದರ ಬಗ್ಗೆ ಕೆಳಗೆ ಬರೀತೀನಿ.

ಜೇಡರ ಬಲೆ ತರ ಕೂದಲೆಳೆ ಬಿರುಕುಗಳು ಕಂಡ್ರೆ ಮಾತ್ರ ವಿಷಯವೇ ಬೇರೆ. ಅದು ಹೊರಗಿಂದ ಆದ ಗೀರಲ್ಲ, ಆ ಜಾಗ ಬಾಗ್ತಿದೆ ಅಥವಾ ಅಲ್ಲಿಗೆ ಜೋರಾಗಿ ಏಟು ಬಿದ್ದಿದೆ ಅಂತ. ಕಂಬಿ ಕೂರಿಸಿರೋ ಬೋಲ್ಟ್ ಸುತ್ತ, ಡೆಕ್ ಮೂಲೆಗಳಲ್ಲಿ ಇವು ಜಾಸ್ತಿ. ಒಳಗಿನ ಕಾರಣ ಸರಿ ಮಾಡದೆ, ಅಂದ್ರೆ ಬೋಲ್ಟ್ ಕೆಳಗೆ ಅಗಲದ ಪ್ಲೇಟ್ ಕೊಡದೆ, ಬಾಗೋ ಜಾಗನ ಒಳಗಡೆಯಿಂದ ಗಟ್ಟಿ ಮಾಡದೆ ಮೇಲೆ ಎಷ್ಟು ಚಂದ ತುಂಬಿಸಿದ್ರೂ ಅದೇ ಗೆರೆಯಲ್ಲಿ ಮತ್ತೆ ಬಿರುಕು ಬಿಡತ್ತೆ.

ಹಾಗೇ ಇನ್ನೊಂದು ನೋಡ್ಕೊಳ್ಬೇಕು, ನಿಮ್ಮ ಬೋಟಿಗೆ ಯಾವಾಗಲಾದ್ರೂ ಪೇಂಟ್ ಆಗಿದ್ಯಾ ಅಂತ. ಹಳೇ ಬೋಟ್ ಕೊಂಡವರಿಗೆ ಇದು ಗೊತ್ತೇ ಇರಲ್ಲ. ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒತ್ತಿ ಒರೆಸಿ, ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂದ್ರೆ ಅದು ಸಾಮಾನ್ಯ ಪೇಂಟ್. ಪೇಂಟು, ಹಾರ್ಡ್ನರ್ ಎರಡೂ ಬೆರೆಸಿ ಹಚ್ಚೋ ಎರಡು ಭಾಗದ ಗಟ್ಟಿ ಪೇಂಟ್ ಆದ್ರೆ ಹೀಗೆ ಬಿಡಲ್ಲ, ಅಲ್ಲಿ ಎಲ್ಲಾದ್ರೂ ಚಕ್ಕೆ ಎದ್ದ ಅಂಚನ್ನ ನೋಡಿ, ಕೆಳಗೆ ಇನ್ನೊಂದು ಬಣ್ಣದ ಪದರ ಕಾಣತ್ತೆ. ಪೇಂಟ್ ಆಗಿದ್ರೆ ಈ ಲೇಖನದ ಸ್ಯಾಂಡಿಂಗ್ ಭಾಗನ ಹಾಗೇ ಪಾಲಿಸ್ಬೇಡಿ, ಪೇಂಟ್ ಪದರ ಜೆಲ್‌ಕೋಟ್‌ಗಿಂತ ತುಂಬಾ ತೆಳು.

ಕೈ, ಕಣ್ಣು, ಉಸಿರು

ಇದನ್ನ ಯಾರೂ ಓದಲ್ಲ ಅಂತ ಗೊತ್ತು, ಆದ್ರೂ ಓದಿ. ಜೆಲ್‌ಕೋಟ್ ಗಟ್ಟಿ ಮಾಡೋಕೆ ಹಾಕೋ ಹಾರ್ಡ್ನರ್, ಅಂದ್ರೆ ಎಂಇಕೆಪಿ, ಕಣ್ಣಿಗೆ ಒಂದು ಹನಿ ಹಾರಿದ್ರೂ ದೃಷ್ಟಿಗೇ ಅಪಾಯ. ಅದನ್ನ ಅಳೆಯೋವಾಗ ಪೂರ್ತಿ ಮುಚ್ಚೋ ಗಾಗಲ್ಸ್ ಹಾಕ್ಲೇಬೇಕು, ಹಾಗೂ ಹಾರಿದ್ರೆ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೀತಾ ಆಸ್ಪತ್ರೆಗೆ ಹೋಗ್ಬೇಕು. ಅದೇ ಹಾರ್ಡ್ನರ್‌ನ ಅಸಿಟೋನ್ ಜೊತೆಗಾಗ್ಲಿ, ಕೋಬಾಲ್ಟ್ ಆಕ್ಸಿಲರೇಟರ್ (ರೆಸಿನ್ ಬೇಗ ಗಟ್ಟಿ ಆಗೋಕೆ ಸೇರಿಸೋ ದ್ರವ) ಜೊತೆಗಾಗ್ಲಿ ನೇರವಾಗಿ ಬೆರೆಸ್ಲೇಬಾರ್ದು, ಸ್ಫೋಟ ಆಗಬಹುದು. ಅಸಿಟೋನ್ ಆವಿ ಚಳಿಯಲ್ಲೂ ಬೆಂಕಿ ಹಿಡಿಯತ್ತೆ, ಹಾಗಾಗಿ ಹತ್ರ ಸಿಗರೇಟು, ಹೀಟರ್, ಕಿಡಿ ಹಾರೋ ಮಷೀನು ಯಾವ್ದೂ ಬೇಡ. ರೆಸಿನ್ ವಾಸನೆಗೆ ಬಟ್ಟೆ ಮಾಸ್ಕ್ ಸಾಲಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ರಾಸಾಯನಿಕ ಆವಿ ಹೀರೋ ಫಿಲ್ಟರ್) ಇರೋ ಮಾಸ್ಕ್ ಬೇಕು, ಒಣಗಿದ್ದನ್ನ ಉಜ್ಜೋವಾಗ ಧೂಳಿನ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್, ಅದೂ ಅಸಿಟೋನ್ ತಾಗಿದ ಮೇಲೆ ಬೇಗ ಬದಲಾಯಿಸ್ತಾ ಇರಿ.

ಕ್ಲೀನ್ ಮಾಡೋದು

ಹಳೇ ವ್ಯಾಕ್ಸ್ ಇರೋ ಮೈ ಮೇಲೆ ಸ್ಯಾಂಡ್ ಪೇಪರ್ ಆಡಿಸಿದ್ರೆ ಆ ವ್ಯಾಕ್ಸು ಗೀರಿನ ಒಳಗೇ ಹೋಗಿ ಕೂರತ್ತೆ, ಆಮೇಲೆ ಹೊಸ ಜೆಲ್‌ಕೋಟ್ ಅಲ್ಲಿ ಅಂಟಲ್ಲ, ಮೀನಿನ ಕಣ್ಣಿನ ತರ ಗುಂಡಿ ಗುಂಡಿ ಬೀಳತ್ತೆ. ಅದಕ್ಕೆ ಮೊದಲು ತೊಳೆದು, ಒಣಗಿಸಿ, ವ್ಯಾಕ್ಸ್ ರಿಮೂವರ್ ಅಥವಾ ಅಸಿಟೋನ್‌ನಲ್ಲಿ ಒರೆಸಿ. ಒಂದೇ ದಿಕ್ಕಿಗೆ ಒರೆಸ್ಬೇಕು, ಒಂದೆರಡು ಸಲ ಒರೆಸಿದ ಮೇಲೆ ಬಟ್ಟೆಯ ಮಡಿಕೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಅದೇ ವ್ಯಾಕ್ಸನ್ನ ಇಲ್ಲಿಂದ ಅಲ್ಲಿಗೆ ಬಳಿದಂಗೆ ಆಗತ್ತೆ. ಒರೆಸಿದ ಮೇಲೆ ನೀರು ಹಾಕಿ, ಮಣಿ ಮಣಿಯಾಗಿ ಉರುಳಿದ್ರೆ ಇನ್ನೂ ವ್ಯಾಕ್ಸ್ ಇದೆ, ಸಮವಾಗಿ ಹಾಳೆ ತರ ಹರಡಿದ್ರೆ ಆಯ್ತು.

ಮೇಲ್ಮೈ ಗೀರಿಗೆ ಬರೀ ಕಾಂಪೌಂಡ್

ಬಿಸಿಲಿಗೆ ಮಂಕಾಗಿ ಸುಣ್ಣದ ಪುಡಿ ತರ ಕೈಗೆ ಬಿಳಿ ಹತ್ತೋ ಬೋಟುಗಳಿಗೂ, ನೀರು ಹಾಕಿದ್ರೆ ಮಾಯವಾಗೋ ಗೀರುಗಳಿಗೂ ಇಷ್ಟೇ ಸಾಕು. ಜೆಲ್‌ಕೋಟ್‌ಗೆ ಅಂತಲೇ ಇರೋ ರಬ್ಬಿಂಗ್ ಕಾಂಪೌಂಡ್ ತಗೊಳ್ಳಿ, ಜೆಲ್‌ಕೋಟ್ ಕಾರಿನ ಪೇಂಟ್‌ಗಿಂತ ದಪ್ಪನೂ ಸೂಕ್ಷ್ಮ ರಂಧ್ರಗಳಿರೋದೂ ಆದ್ದರಿಂದ ಕಾರಿಗೆ ಹಚ್ಚೋ ನಯವಾದ ಪಾಲಿಶ್ ಇಲ್ಲಿ ಬಹಳ ನಿಧಾನ. ನೆರಳಲ್ಲಿ, ಮೈ ತಣ್ಣಗಿರೋವಾಗ ಮಾಡಿ, ಬಿಸಿಲಲ್ಲಿ ಮಾಡಿದ್ರೆ ಕಾಂಪೌಂಡ್ ಒಣಗಿ ಗಟ್ಟಿಯಾಗಿ ಅಂಟ್ಕೊಳತ್ತೆ. ಒಂದು ಸಲಕ್ಕೆ ಎರಡು ಅಡಿ ಉದ್ದ ಎರಡು ಅಡಿ ಅಗಲದ ಜಾಗ ಸಾಕು.

ಚಿಕ್ಕ ಜಾಗ ಆದ್ರೆ ಕೈಯಲ್ಲೇ ಆಗತ್ತೆ, ಇಡೀ ಬದಿ ಆದ್ರೆ ಬಫಿಂಗ್ ಮಷೀನ್ ಬೇಕು. ಮಷೀನಲ್ಲಿ ಎರಡು ತರ ಇದೆ, ಒಂದು ಬರೀ ಗುಂಡಗೆ ತಿರುಗೋ ರೋಟರಿ, ಇನ್ನೊಂದು ತಿರುಗ್ತಾ ಅಲುಗಾಡೋ ಡ್ಯುಯಲ್ ಆಕ್ಷನ್. ರೋಟರಿ ಬೇಗ ಕೆಲಸ ಮಾಡತ್ತೆ, ಆದ್ರೆ ಒಂದೇ ಕಡೆ ಒಂದು ಕ್ಷಣ ನಿಲ್ಲಿಸಿದ್ರೂ ಜೆಲ್‌ಕೋಟ್ ಸುಟ್ಟು ಹಳದಿ ಆಗತ್ತೆ, ಸುಳಿ ಸುಳಿ ಗುರುತೂ ಬಿಡತ್ತೆ. ಮೊದಲನೇ ಸಲ ಮಾಡೋರಿಗೆ ನನ್ನ ಸಲಹೆ ಡ್ಯುಯಲ್ ಆಕ್ಷನ್ನೇ, ಒಂದು ಗಂಟೆ ಜಾಸ್ತಿ ಹಿಡೀಲಿ ಪರವಾಗಿಲ್ಲ. ರೋಟರಿನೇ ಇದ್ರೆ 1000ದಿಂದ 1500 ಆರ್‌ಪಿಎಂ ಒಳಗೆ ಇಟ್ಕೊಳ್ಳಿ, ಉಣ್ಣೆ ಪ್ಯಾಡ್‌ನಲ್ಲಿ ಕಾಂಪೌಂಡು, ಆಮೇಲೆ ಸ್ಪಂಜ್ ಪ್ಯಾಡ್‌ನಲ್ಲಿ ಫಿನಿಶಿಂಗ್ ಪಾಲಿಶು, ಎರಡಕ್ಕೂ ಒಂದೇ ಪ್ಯಾಡ್ ಬಳಸ್ಬೇಡಿ. ಏಣು, ಮೂಲೆ, ಉಬ್ಬಿದ ಗೆರೆಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಜೆಲ್‌ಕೋಟ್ ಎಲ್ಲಕ್ಕಿಂತ ತೆಳುವಾಗಿರತ್ತೆ, ಮಷೀನಿನ ಒತ್ತಡ ಎಲ್ಲಾ ಅಲ್ಲೇ ಬೀಳತ್ತೆ. ಪ್ಯಾಡಲ್ಲಿ ಕಾಂಪೌಂಡ್ ಗಂಟು ಕಟ್ಟಿದ್ರೆ ನಿಲ್ಲಿಸಿ ಬ್ರಷ್‌ನಲ್ಲಿ ಬಿಡಿಸ್ಕೊಳ್ಳಿ.

ಆಮೇಲೆ ಒಂದು ಕೆಲಸ ಮರೀಬೇಡಿ. ಕಾಂಪೌಂಡ್‌ನಲ್ಲಿರೋ ಎಣ್ಣೆ ಅಂಶ ಸಣ್ಣ ಗೀರುಗಳನ್ನ ಮುಚ್ಚಿ ಎಲ್ಲಾ ಹೋಗಿದೆ ಅನ್ನೋ ಹಾಗೆ ತೋರಿಸತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಆಗ ನಿಜ ಸ್ಥಿತಿ ಕಾಣತ್ತೆ. ಇಲ್ಲಿಗೆ ಸಮಾಧಾನ ಆದ್ರೆ ನೇರ ವ್ಯಾಕ್ಸ್‌ಗೆ ಹೋಗಿ, ಮುಂದಿನ ಹೆಜ್ಜೆಗಳು ನಿಮಗೆ ಬೇಡ.

ಕಾಂಪೌಂಡಿಗೆ ಬಗ್ಗದೇ ಇದ್ರೆ ವಾಟರ್ ಪೇಪರ್

ಯಾವಾಗ್ಲೂ ನೀರು ಹಾಕೇ ಉಜ್ಜೋದು, ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳಿಯೋ ಸೋಪು ಹಾಕಿದ್ರೆ ಪೇಪರ್ ಜಾಮ್ ಆಗಲ್ಲ. ಪೇಪರನ್ನ ಬರೀ ಬೆರಳಲ್ಲಿ ಹಿಡೀಬೇಡಿ, ಬೆರಳಿನ ಆಕಾರಕ್ಕೇ ಹಳ್ಳ ಬೀಳತ್ತೆ, ಹೊಳಪು ಬಂದ ಮೇಲೆ ಅದು ಅಲೆ ಅಲೆಯಾಗಿ ಕಾಣತ್ತೆ. ರಬ್ಬರ್ ಬ್ಲಾಕಿಗೆ ಸುತ್ತಿ. 1500 ನಂಬರಿಂದ (ನಂಬರ್ ಜಾಸ್ತಿ ಆದಷ್ಟೂ ಪೇಪರ್ ನಯ) ಶುರು ಮಾಡಿ ನೋಡಿ, ಗೀರು ಕದಲ್ಲಿಲ್ಲ ಅಂದ್ರೆ 1000, ಅದಕ್ಕೂ ಇಲ್ಲ ಅಂದ್ರೆ 800. ಅದಕ್ಕಿಂತ ಒರಟು ಬೇಕು ಅನ್ಸಿದ್ರೆ ಆ ಗೀರು ಉಜ್ಜೋದಲ್ಲ, ತುಂಬಿಸೋದು ಅಂತ ತಿಳ್ಕೊಳ್ಳಿ. 800ರಿಂದ ಶುರು ಮಾಡಿದ್ರೆ ವಾಪಸ್ ಬರೋವಾಗ 1000, 1500 ಒಂದೂ ಬಿಡದೆ ಬರ್ಬೇಕು, ಗಾಢ ನೀಲಿ ಕಪ್ಪು ಕೆಂಪು ಬೋಟ್ ಆದ್ರೆ 2000 ಕೂಡ, ಯಾಕಂದ್ರೆ ಬಿಳಿ ಮೇಲೆ ಕಾಣದ ಗೆರೆ ಗಾಢ ಬಣ್ಣದ ಮೇಲೆ ಎದ್ದು ಕಾಣತ್ತೆ.

ಒಂದು ನಂಬರಲ್ಲಿ ಅಡ್ಡಡ್ಡ ಉಜ್ಜಿದ್ರೆ ಮುಂದಿನ ನಂಬರಲ್ಲಿ ಉದ್ದುದ್ದ ಉಜ್ಜಿ. ಹಿಂದಿನ ಪೇಪರ್ ಬಿಟ್ಟ ಗೆರೆ ಪೂರ್ತಿ ಹೋಗಿದ್ಯಾ ಇಲ್ವಾ ಅಂತ ಆಗ ಮಾತ್ರ ಗೊತ್ತಾಗತ್ತೆ. ಪೇಪರ್ ಬದಲಾಯಿಸೋ ಮುಂಚೆ ಜಾಗನೂ ಬಕೆಟ್ಟೂ ತೊಳ್ಕೊಳ್ಳಿ, 800ರ ಒಂದು ಕಾಳು 1500ರಲ್ಲಿ ಸೇರ್ಕೊಂಡ್ರೆ ಮಾಡಿದ್ದೆಲ್ಲಾ ಹಾಳು. ಬಣ್ಣ ಒಂದು ಕಡೆ ತೆಳುವಾಗಿ ಒಳಗಿಂದ ನೆರಳು ಕಂಡ ಹಾಗೆ ಅನ್ನಿಸಿದ ಕ್ಷಣವೇ ಕೈ ತೆಗೀರಿ, ಅಲ್ಲಿ ಜೆಲ್‌ಕೋಟ್ ಮುಗೀತಾ ಬಂದಿದೆ. ಆಗ ಗೀರಿನ ತಳ ಸ್ವಲ್ಪ ಉಳಿದಿದ್ರೂ ಉಳೀಲಿ ಬಿಡಿ, ಮಸುಕಾಗಿ ಉಳಿದ ಗೆರೆ ಬೋಟಿಗೆ ಏನೂ ಮಾಡಲ್ಲ, ತೂತಾದ ಜೆಲ್‌ಕೋಟ್ ಮಾಡತ್ತೆ. ಎಲ್ಲಾ ಸರಿ ಇದ್ರೆ ಮೇಲೆ ಹೇಳಿದ ಹಾಗೆ ಕಾಂಪೌಂಡ್, ಪಾಲಿಶ್.

ಆಳದ ಗೀರು ತುಂಬಿಸೋದು

ಇಲ್ಲಿ ನಿಜವಾದ ಕೈಚಳಕ ಬೇಕಾಗಿರೋದು. ಮೊದಲು ಆಶ್ಚರ್ಯ ಅನ್ನಿಸೋ ಕೆಲಸ, ಗೀರನ್ನ ಇನ್ನೂ ಸ್ವಲ್ಪ ಅಗಲ ಮಾಡ್ಬೇಕು. ಕೂದಲೆಳೆ ಸೀಳಿನೊಳಗೆ ಜೆಲ್‌ಕೋಟ್ ಇಳಿಯಲ್ಲ, ಮೇಲೆ ಸೇತುವೆ ಕಟ್ಟಿದ ಹಾಗೆ ಕೂತು ಕೆಳಗೆ ಗಾಳಿ ಉಳಿಯತ್ತೆ. ಚೂಪು ಮೊನೆಯ ಸ್ಕ್ರೇಪರ್‌ನಿಂದಲೋ ಚಿಕ್ಕ ರೋಟರಿ ಟೂಲ್‌ನಿಂದಲೋ ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಬಿಡಿಸಿ, ಸಡಿಲವಾದ ಚಕ್ಕೆ ಎಲ್ಲಾ ತೆಗೀರಿ, ಅಂಚನ್ನ 220 ನಂಬರಲ್ಲಿ ಸ್ವಲ್ಪ ಒರಟು ಮಾಡಿ, ಧೂಳು ತೆಗೆದು ಅಸಿಟೋನ್‌ನಲ್ಲಿ ಒರೆಸಿ ಆರೋಕೆ ಬಿಡಿ. ಸುತ್ತ ಮಾಸ್ಕಿಂಗ್ ಟೇಪ್ ಹಾಕಿ.

ಬಣ್ಣ ಹೊಂದಿಸೋದು ಎಲ್ಲಕ್ಕಿಂತ ಕಷ್ಟದ ಭಾಗ. ಬಿಳಿ ಅಂದ್ರೆ ಒಂದೇ ಬಿಳಿ ಅಲ್ಲ, ಸ್ವಲ್ಪ ಹಳದಿ ಕಡೆ, ಸ್ವಲ್ಪ ನೀಲಿ ಕಡೆ, ಬೂದು ಕಡೆ ಹೀಗೆ ಹತ್ತಾರು ಇವೆ, ಜೊತೆಗೆ ಬಿಸಿಲಿಗೆ ನಿಮ್ಮ ಬೋಟಿನ ಬಣ್ಣ ಬೇರೆ ಬದಲಾಗಿರತ್ತೆ. ಅದಕ್ಕೇ ಬಣ್ಣ ಹೊಂದಿಸೋ ಮುಂಚೆ ಪಕ್ಕದ ಒಂದು ಅಂಗೈಯಗಲ ಜಾಗನ ಕಾಂಪೌಂಡ್ ಹಾಕಿ ಪಾಲಿಶ್ ಮಾಡ್ಕೊಳ್ಳಿ, ಮಂಕಾದ ಮೇಲ್ಮೈಗೆ ಹೊಂದಿಸಿದ್ರೆ ಕೊನೆಗೆ ಹೊಳಪು ಬಂದಾಗ ತೇಪೆ ಎದ್ದು ಕಾಣತ್ತೆ. ಹಾರ್ಡ್ನರ್ ಹಾಕದ ಜೆಲ್‌ಕೋಟ್‌ಗೆ ಪಿಗ್ಮೆಂಟ್ ಪೇಸ್ಟನ್ನ ಕಡ್ಡಿ ತುದಿಯಲ್ಲಿ ಚೂರು ಚೂರೇ ಸೇರಿಸಿ, ಬೆರೆಸಿ, ಒಂದು ಚುಕ್ಕೆನ ಆ ಪಾಲಿಶ್ ಆದ ಜಾಗದ ಮೇಲೇ ಇಟ್ಟು ನೋಡಿ, ಇನ್ನೂ ಗಟ್ಟಿ ಆಗಿರಲ್ವಲ್ಲ, ಒರೆಸಿದ್ರೆ ಹೋಗತ್ತೆ. ನೋಡೋದು ಹಗಲು ಬೆಳಕಲ್ಲೇ, ಟ್ಯೂಬ್‌ಲೈಟಲ್ಲಿ ಹೊಂದಿದ್ದು ಹೊರಗೆ ಬಂದಾಗ ಬೇರೆ ಕಾಣತ್ತೆ. ನಿಮ್ಮ ಬೋಟ್ ತಯಾರಕರು ಅದೇ ಬಣ್ಣದ ಜೆಲ್‌ಕೋಟ್ ಕೊಡ್ತಾರೆ ಅಂದ್ರೆ ಅದನ್ನೇ ತರಿಸ್ಕೊಂಡು ಅಲ್ಲಿಂದ ಶುರು ಮಾಡಿ, ಅರ್ಧ ತಲೆನೋವು ಕಮ್ಮಿ.

ಬಣ್ಣ ಸರಿಯಾದ ಮೇಲೆ ಬೇಕಾದಷ್ಟೇ ಬೇರೆ ಕಪ್ಪಿಗೆ ತೆಗೆದು ಹಾರ್ಡ್ನರ್ ಹಾಕಿ. ಡಬ್ಬದ ಮೇಲೆ ಏನು ಬರೆದಿದ್ಯೋ ಅದೇ ಅಂತಿಮ, ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ 1ರಿಂದ 2 ಪರ್ಸೆಂಟ್ ಇರತ್ತೆ. 50 ಗ್ರಾಂ ಜೆಲ್‌ಕೋಟ್‌ಗೆ 2 ಪರ್ಸೆಂಟ್ ಅಂದ್ರೆ 1 ಗ್ರಾಂ, ಅಂದ್ರೆ 1 ಎಂಎಲ್‌ಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಅಂದಾಜಲ್ಲಿ ಸುರೀಬೇಡಿ, ಚಿಕ್ಕ ಸಿರಿಂಜ್ ಇಟ್ಕೊಳ್ಳಿ. ಬೇಗ ಗಟ್ಟಿ ಆಗ್ಲಿ ಅಂತ ಜಾಸ್ತಿ ಹಾಕಿದ್ರೆ ಬಣ್ಣ ಹಳದಿ ತಿರುಗಿ ಪದರ ಪೆಡಸಾಗತ್ತೆ, ತೀರಾ ಕಮ್ಮಿ ಹಾಕಿದ್ರೆ ಯಾವತ್ತೂ ಪೂರ್ತಿ ಗಟ್ಟಿ ಆಗಲ್ಲ. ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ರೆ ಆ ದಿನ ಕೆಲಸ ಬೇಡ. ಒಂದು ನಿಮಿಷ ನಿಧಾನವಾಗಿ, ಗಾಳಿಗುಳ್ಳೆ ಬರದ ಹಾಗೆ, ಕಪ್ಪಿನ ಅಂಚು ತಳ ಎಲ್ಲಾ ಸೇರಿಸಿ ಕಲಸಿ, ಆಮೇಲೆ ಕೈಯಲ್ಲಿರೋದು ಹತ್ತು ಹದಿನೈದು ನಿಮಿಷ, ಸೆಕೆ ಇದ್ರೆ ಇನ್ನೂ ಕಮ್ಮಿ.

ಪ್ಲಾಸ್ಟಿಕ್ ಪುಟ್ಟಿ ಬ್ಲೇಡ್‌ನಲ್ಲಿ ಒಂದು ಕಡೆಯಿಂದ ಒತ್ತಿ ತುಂಬಿಸಿ, ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಉಬ್ಬಾಗೇ ಇರ್ಲಿ, ಒಣಗಿದಾಗ ಕುಗ್ಗತ್ತೆ. ಟೇಪನ್ನ ಜೆಲ್‌ಕೋಟ್ ಪೂರ್ತಿ ಗಟ್ಟಿ ಆಗೋ ಮುಂಚೆನೇ ಎಳೆದುಬಿಡಿ. ಇನ್ನು ಮುಖ್ಯವಾದ್ದು, ಸಾಮಾನ್ಯ ಜೆಲ್‌ಕೋಟ್ ಗಾಳಿ ತಾಗ್ತಿರೋ ತನಕ ಮೇಲುಗಡೆ ಗಟ್ಟಿ ಆಗಲ್ಲ, ದಿನ ಬಿಟ್ಟು ಬಂದ್ರೂ ಅಂಟಂಟಾಗೇ ಇರತ್ತೆ, ಯಾಕಂದ್ರೆ ಗಾಳಿಯ ಆಮ್ಲಜನಕ ಮೇಲ್ಪದರದ ರಾಸಾಯನಿಕ ಕ್ರಿಯೆನ ತಡೆಯತ್ತೆ. ಬೋಟ್ ತಯಾರಾಗೋವಾಗ ಈ ಪದರ ಅಚ್ಚಿಗೆ ಅಂಟ್ಕೊಂಡಿರತ್ತೆ, ಗಾಳಿ ತಾಗೋ ಪ್ರಶ್ನೆನೇ ಇರಲ್ಲ. ರಿಪೇರಿಯಲ್ಲಿ ಗಾಳಿ ತಡೆಯೋಕೆ ಮೂರು ದಾರಿ: ಕರಗಿಸಿದ ವ್ಯಾಕ್ಸ್ ಮೊದಲೇ ಸೇರಿರೋ ಜೆಲ್‌ಕೋಟ್ ತಗೊಳ್ಳೋದು, ಒಣಗಿ ತೆಳು ಪೊರೆಯಾಗೋ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ದ್ರಾವಣ ಮೇಲೆ ಸ್ಪ್ರೇ ಮಾಡೋದು, ಇಲ್ಲಾ ತುಂಬಿದ ಜಾಗದ ಮೇಲೆ ನುಣುಪಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಕೆಳಗೆ ಗುಳ್ಳೆ ಉಳಿಯದ ಹಾಗೆ ಸವರಿ ಅಂಚಿಗೆ ಟೇಪ್ ಹಾಕೋದು. ಚಿಕ್ಕ ಗೀರಿಗೆ ಹಾಳೆಯೇ ಸುಲಭ, ಉಜ್ಜೋ ಕೆಲಸನೂ ಉಳಿಸತ್ತೆ. ವ್ಯಾಕ್ಸ್ ಇರೋದನ್ನ ಹಾಕಿದ್ರೆ ನೆನಪಿರ್ಲಿ, ಎರಡನೇ ಕೋಟ್ ಬೇಕಾದ್ರೆ ನಡುವೆ ಉಜ್ಜಿ ಒರೆಸದೆ ಅಂಟಲ್ಲ.

ಕಪ್ಪಲ್ಲಿ ಮಿಕ್ಕಿದ್ದನ್ನ ತಕ್ಷಣ ಕಸದ ಬುಟ್ಟಿಗೆ ಹಾಕ್ಬೇಡಿ, ಗಟ್ಟಿಯಾಗ್ತಾ ಚೆನ್ನಾಗಿ ಬಿಸಿ ಆಗತ್ತೆ, ಪೇಪರ್ ಬಟ್ಟೆ ಜೊತೆ ಇದ್ರೆ ಹೊಗೆ ಬಂದು ಹೊತ್ತಿಕೊಳ್ಳಬಹುದು. ಹೊರಗೆ ತೆರೆದ ಜಾಗದಲ್ಲಿ ಇಟ್ಟು ಗಟ್ಟಿಯಾಗಿ ತಣ್ಣಗಾದ ಮೇಲೆ ಬಿಸಾಕಿ.

ಕನಿಷ್ಠ ಒಂದು ರಾತ್ರಿ ಬಿಟ್ಟು, ಉಗುರಿಗೆ ಜಗ್ಗದ ಹಾಗೆ ಗಟ್ಟಿ ಆಗಿದೆ ಅಂತ ನೋಡ್ಕೊಂಡು ಮಟ್ಟ ಮಾಡಿ. ಉಬ್ಬಿದ ಭಾಗನ ಮಾತ್ರ 320 ಅಥವಾ 400 ನಂಬರಲ್ಲಿ ಚಿಕ್ಕ ಗಟ್ಟಿ ಬ್ಲಾಕ್ ಇಟ್ಟು ಇಳಿಸಿ, ಅದಕ್ಕೂ ಮುಂಚೆ ಸುತ್ತಲಿನ ಹಳೇ ಜೆಲ್‌ಕೋಟ್ ಮೇಲೆ ಮತ್ತೆ ಟೇಪ್ ಹಾಕ್ಕೊಳ್ಳಿ. ಉಬ್ಬಿನ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದ್ರೆ ಎಲ್ಲಿ ಎತ್ತರ ಇದೆ ಎಲ್ಲಿ ತಗ್ಗಿದೆ ಅಂತ ಕಾಣತ್ತೆ. ಬಹುತೇಕ ಸಮ ಆದ ಮೇಲೆ ಟೇಪ್ ತೆಗೆದು 600, 800, 1000, 1500, ಒಂದೊಂದಕ್ಕೂ ಹಿಂದಿನದಕ್ಕಿಂತ ಸ್ವಲ್ಪ ಅಗಲಕ್ಕೆ ಹರಡ್ತಾ ಹೋಗಿ, ಆಮೇಲೆ ಕಾಂಪೌಂಡ್ ಪಾಲಿಶ್. ಸೂಜಿ ತೂತು ಕಂಡ್ರೆ ಮತ್ತೆ ಒಂದು ಹನಿ ತುಂಬಿಸ್ಬೇಕು, ಪಾಲಿಶಲ್ಲಿ ಅದು ಮುಚ್ಚಲ್ಲ.

ಏಟು ಗ್ಲಾಸ್ ಮ್ಯಾಟಿಗೆ ತಾಗಿದ್ರೆ

ಬರೀ ಜೆಲ್‌ಕೋಟ್ ಸುರಿದು ಆಳದ ಹಳ್ಳ ಮುಚ್ಚೋದು ಬೇಡ, ದಪ್ಪವಾಗಿ ನಿಂತ ಜೆಲ್‌ಕೋಟ್ ಬಿರುಕು ಬಿಡತ್ತೆ. ನಾರು ಸ್ವಲ್ಪ ತರಚಿದ್ದಷ್ಟೇ ಆದ್ರೆ ಒಣಗಿಸಿ, ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ಪುಟ್ಟಿ ಮಟ್ಟಕ್ಕಿಂತ ಕೂದಲೆಳೆ ಕೆಳಗಿನ ತನಕ ತುಂಬಿ ಅದರ ಮೇಲೆ ಜೆಲ್‌ಕೋಟ್. ಕೆಳಗೆ ಎಪಾಕ್ಸಿ (ಇನ್ನೊಂದು ಜಾತಿಯ ರೆಸಿನ್) ಹಾಕಿದ್ರೆ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡೀದೇ ಇರೋ ತೊಂದರೆ ಉಂಟು, ಅಲ್ಲಿ ಎರಡು ಭಾಗದ ಪೇಂಟ್ ಹಚ್ಚೋದೇ ಸುಲಭ. ಮ್ಯಾಟ್ ಹರಿದಿದ್ರೆ, ಒತ್ತಿದ್ರೆ ಮೆತ್ತಗಿದ್ರೆ, ನಾಣ್ಯದಲ್ಲಿ ತಟ್ಟಿದಾಗ ಸುತ್ತಲೂ ಟಣ್ ಅಂದು ಅಲ್ಲಿ ಮಾತ್ರ ಡಬ್ ಅಂತ ಶಬ್ದ ಬಂದ್ರೆ ಇದು ಫಿನಿಶಿಂಗ್ ಕೆಲಸ ಅಲ್ಲ, ಬೋಟಿನ ಗಟ್ಟಿತನದ ಕೆಲಸ. ಅಂಚನ್ನ ಉದ್ದಕ್ಕೆ ಇಳಿಜಾರು ಮಾಡಿ, ದಪ್ಪದ ಹನ್ನೆರಡು ಪಟ್ಟು ಅಗಲದಷ್ಟು, ಹೊಸ ಮ್ಯಾಟ್ ಪದರ ಪದರವಾಗಿ ಕೂರಿಸ್ಬೇಕು, ಅದನ್ನ ಕೆಲಸ ಗೊತ್ತಿರೋರ ಕೈಯಲ್ಲಿ ಮಾಡ್ಸಿ. ನೀರಿನ ಮಟ್ಟಕ್ಕಿಂತ ಕೆಳಗೆ ನಾರು ಕಾಣೋ ಗೀರು ಇದ್ರೆ ಚಂದದ ಪ್ರಶ್ನೆ ಆಮೇಲೆ, ಬೋಟನ್ನ ನೀರಿಗೆ ಇಳಿಸೋದೇ ಬೇಡ, ನೀರು ಮ್ಯಾಟ್ ಒಳಗೆ ಹರಡಿದ್ರೆ ಒಣಗೋಕೆ ವಾರಗಟ್ಟಲೆ ಹಿಡಿಯತ್ತೆ.

ವ್ಯಾಕ್ಸ್, ಮತ್ತು ಗೀರು ಬಂದ ಕಾರಣ

ಪಾಲಿಶ್ ಆದ ಜೆಲ್‌ಕೋಟ್‌ನ ಹಾಗೇ ಬಿಟ್ರೆ ಬಿಸಿಲಿಗೆ ಬೇಗ ಮತ್ತೆ ಮಂಕಾಗತ್ತೆ. ಯುವಿ ತಡೆಯೋ ಅಂಶ ಇರೋ ಕಾರ್ನೌಬಾ ವ್ಯಾಕ್ಸ್ ಅಥವಾ ಪಾಲಿಮರ್ ಸೀಲಂಟ್ ತೆಳ್ಳಗೆ ಹಚ್ಚಿ, ಮಸುಕು ಬಂದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ತೆಗೀರಿ. ದಪ್ಪಗೆ ಬಳಿದ್ರೆ ಜಾಸ್ತಿ ರಕ್ಷಣೆ ಸಿಗಲ್ಲ, ತೆಗಿಯೋ ಕಷ್ಟ ಜಾಸ್ತಿ ಆಗತ್ತೆ ಅಷ್ಟೇ, ಬೇಕಾದ್ರೆ ಎರಡು ತೆಳು ಕೋಟ್ ಹಾಕಿ. ನೀರು ಮಣಿ ಕಟ್ಟೋದು ನಿಂತಾಗ ಮತ್ತೆ ಹಚ್ಚೋ ಸಮಯ ಬಂತು ಅಂತ. ಡೆಕ್ ಮೇಲೆ, ಮೆಟ್ಟಿಲ ಮೇಲೆ, ಕಾಲಿಡೋ ಯಾವ ಜಾಗಕ್ಕೂ ವ್ಯಾಕ್ಸ್ ಬೇಡ, ಒದ್ದೆ ಕಾಲಲ್ಲಿ ಜಾರಿ ಬಿದ್ರೆ ದೊಡ್ಡ ಅನಾಹುತ.

ಬೋಟ್ ವಾಪಸ್ ನೀರಿಗೆ ಹೋಗೋ ಮುಂಚೆ ಗೀರು ಇದ್ದ ಎತ್ತರಕ್ಕೆ ಸರಿಯಾಗಿ ಸುತ್ತಮುತ್ತ ಏನಿದೆ ಹುಡುಕಿ. ಟ್ರೇಲರ್ ರೋಲರ್ ಸವೆದು ಕಬ್ಬಿಣ ಹೊರಗೆ ಬಂದಿರಬಹುದು, ಮರದ ಹಲಗೆ ಮೇಲಿನ ಕಾರ್ಪೆಟ್ ಹರಿದು ಮೊಳೆ ತಲೆ ಎದ್ದಿರಬಹುದು, ಫೆಂಡರ್ ಮೇಲೆ ಮರಳು ಅಂಟ್ಕೊಂಡು ಅದೇ ಸ್ಯಾಂಡ್ ಪೇಪರ್ ತರ ಕೆಲಸ ಮಾಡ್ತಿರಬಹುದು, ಕಟ್ಟೋ ಹಗ್ಗ ಒಂದೇ ಕಡೆ ಉಜ್ತಾ ಇರಬಹುದು. ಬಣ್ಣ ಹೊಂದಿಸಿದ ಜೆಲ್‌ಕೋಟ್ ಹಾರ್ಡ್ನರ್ ಹಾಕದೆ ಉಳಿದಿದ್ರೆ ಮುಚ್ಚಳ ಭದ್ರ ಮಾಡಿ, ಯಾವ ಪಿಗ್ಮೆಂಟ್ ಎಷ್ಟು ಹಾಕಿದ್ರಿ, ಯಾವ ತಿಂಗಳು ಅಂತ ಡಬ್ಬದ ಮೇಲೆ ಬರೆದು ತಂಪಾದ ಕತ್ತಲೆ ಜಾಗದಲ್ಲಿ ಇಡಿ, ಹಾರ್ಡ್ನರ್ ಬಾಟ್ಲನ್ನ ಮಾತ್ರ ಅದರ ಜೊತೆ ಒಂದೇ ಕಪಾಟಲ್ಲಿ ಇಡ್ಬೇಡಿ.